ಸಂಪಾದಕರ ಉತ್ತರ: ಅನುಭವದ ಜಾಗದಲ್ಲಿ ಏನು ಬರೆಯಲಿ?

ಡೊಂಬಿವಲಿಯಿಂದ ಈ ಪತ್ರ ಬರೆದವರು ಬಿ.ಕಾಂ. ಮೂರನೆಯ ವರ್ಷದ (ಟಿ.ವೈ.ಬಿ.ಕಾಂ.) ವಿದ್ಯಾರ್ಥಿನಿ, ಹೆಸರು ಪ್ರಕಟಿಸಬಾರದೆಂದು ಕೇಳಿಕೊಂಡಿದ್ದಾರೆ. ತಂದೆ ಥಾಣೆಯಲ್ಲಿ ಚಿಕ್ಕದೊಂದು ಉಡುಪಿ ಹೋಟೆಲು ನಡೆಸುತ್ತಾರೆ. ಪತ್ರದ ಮುಖ್ಯ ಭಾಗ ಹೀಗಿದೆ: “ರೆಸ್ಯೂಮೆ ಬರೆಯಲು ಕುಳಿತರೆ ಹೆಸರು, ಅಂಕ ಆದ ಮೇಲೆ ಕೈ ಮುಂದಕ್ಕೆ ಹೋಗುವುದಿಲ್ಲ. ಅನುಭವ ಎಂಬಲ್ಲಿ ಬರೆಯಲು ನನ್ನ ಬಳಿ ಏನೂ ಇಲ್ಲ. ಸಂಜೆ ಅಪ್ಪನ ಹೋಟೆಲಿನ ಗಲ್ಲಾದಲ್ಲಿ ಕುಳಿತು ಸ್ವಿಗ್ಗಿ, ಜೊಮ್ಯಾಟೊ ಲೆಕ್ಕ ನೋಡುತ್ತೇನೆ, ಆದರೆ ಅದು ಮನೆಯ ಕೆಲಸ. ಗೆಳತಿಯೊಬ್ಬಳು ಹಣ ಕೊಟ್ಟು ಆರು ತಿಂಗಳ ಇಂಟರ್ನ್‌ಶಿಪ್ ಸರ್ಟಿಫಿಕೇಟ್ ಮಾಡಿಸಿಕೊಂಡಿದ್ದಾಳೆ, ನಾನೂ ಮಾಡಿಸಲೇ? ಎರಡನೆಯ ವರ್ಷ ಒಂದು ವಿಷಯದಲ್ಲಿ ಫೇಲಾಗಿ ಎ.ಟಿ.ಕೆ.ಟಿ. ಬಂದಿತ್ತು, ಅದನ್ನು ಮುಚ್ಚಿಡಬಹುದೇ? ಸೋದರಮಾವ ‘ನಮ್ಮ ಸಂಘದವರಿಗೆ ಒಂದು ಮಾತು ಹೇಳಿದರಾಯಿತು, ರೆಸ್ಯೂಮೆ ಯಾಕೆ’ ಎನ್ನುತ್ತಾರೆ. ಪರೀಕ್ಷೆ ಮುಗಿದ ಮೇಲೆ ಕೆಲಸ ಹುಡುಕಲು ಆರಂಭಿಸಿದರೆ ಸಾಕೇ?”

ನಿಮ್ಮ ಪತ್ರದಲ್ಲಿ ನಾನು ಒಪ್ಪಲಾರದ ಮಾತೆಂದರೆ ‘ನನ್ನ ಬಳಿ ಏನೂ ಇಲ್ಲ’ ಎಂಬುದು. ಅದರ ಮುಂದಿನ ವಾಕ್ಯದಲ್ಲೇ ನೀವು ಅದನ್ನು ಸುಳ್ಳು ಮಾಡಿದ್ದೀರಿ. ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಓದಿ, ಬ್ಯಾಂಕು ಮತ್ತು ಕಚೇರಿಗಳನ್ನು ಸೇರಿದ ಕನ್ನಡಿಗರ ಒಂದು ಇಡೀ ತಲೆಮಾರು ಮುಂಬಯಿಯಲ್ಲಿ ಆಗಿಹೋಗಿದೆ. ಅಂಥ ಊರಿನಲ್ಲಿ ಬೆಳೆದ ಹುಡುಗಿಯೊಬ್ಬಳು ಹೋಟೆಲಿನ ಗಲ್ಲಾದಲ್ಲಿ ಮಾಡುವ ಕೆಲಸವನ್ನು ಕಾಗದದ ಮೇಲೆ ಬರೆಯಲು ಹಿಂಜರಿಯುವುದು ನನಗೆ ವಿಚಿತ್ರವಾಗಿ ಕಾಣುತ್ತದೆ. ಸಂಬಳ ಪಡೆದು ಮಾಡಿದ್ದು ಮಾತ್ರ ಅನುಭವ ಎಂದು ಯಾವ ಕಂಪನಿಯೂ ಹೇಳುವುದಿಲ್ಲ. ಹೊಸಬರನ್ನು ತೆಗೆದುಕೊಳ್ಳುವವರು ನೋಡುವುದು, ಈ ವ್ಯಕ್ತಿ ಒಂದು ಜವಾಬ್ದಾರಿಯನ್ನು ಒಪ್ಪಿಕೊಂಡು ನಿಯಮಿತವಾಗಿ ನಿರ್ವಹಿಸಿದ್ದುಂಟೇ, ಮಾಡಿದ್ದನ್ನು ಸ್ಪಷ್ಟವಾಗಿ ವಿವರಿಸಬಲ್ಲರೇ ಎಂಬುದನ್ನು.

ನೀವು ಸಂಜೆ ಮಾಡುವ ಕೆಲಸವನ್ನೇ ಬಿಡಿಸಿ ನೋಡೋಣ. ಡೆಲಿವರಿ ಆ್ಯಪ್‌ಗಳು ಹೋಟೆಲಿಗೆ ಸಲ್ಲಬೇಕಾದ ಹಣವನ್ನು ಆರ್ಡರು ಬಂದ ಹಾಗೆ ಕೊಡುವುದಿಲ್ಲ. ಕೆಲವು ದಿನಗಳದ್ದನ್ನು ಒಟ್ಟುಗೂಡಿಸಿ, ತಮ್ಮ ಕಮಿಷನ್ನನ್ನೂ ಅದರ ಮೇಲಿನ 18% ಜಿಎಸ್‌ಟಿಯನ್ನೂ ರದ್ದಾದ ಆರ್ಡರುಗಳ ಕಡಿತವನ್ನೂ ಕಳೆದು ಉಳಿದದ್ದನ್ನು ಬ್ಯಾಂಕಿಗೆ ಹಾಕುತ್ತವೆ. ಬಂದ ಮೊತ್ತ ಸರಿಯೇ ಎಂದು ತಿಳಿಯಬೇಕಾದರೆ ಆ್ಯಪ್‌ನ ಪಟ್ಟಿ, ಅಡುಗೆಮನೆಗೆ ಹೋದ ಬಿಲ್ಲುಗಳು, ಬ್ಯಾಂಕಿನ ಸ್ಟೇಟ್‌ಮೆಂಟು ಈ ಮೂರನ್ನೂ ಎದುರಿಗಿಟ್ಟುಕೊಂಡು ತಾಳೆ ನೋಡಬೇಕು. ಇದಕ್ಕೆ ಕಚೇರಿಗಳಲ್ಲಿ ರಿಕನ್ಸಿಲಿಯೇಶನ್ ಎನ್ನುತ್ತಾರೆ, ಅಕೌಂಟ್ಸ್ ವಿಭಾಗದಲ್ಲಿ ಹೊಸದಾಗಿ ಸೇರಿದವರಿಗೆ ಮೊದಲು ಕೊಡುವ ಕೆಲಸಗಳಲ್ಲಿ ಇದೂ ಒಂದು. ನೀವು ಇದನ್ನು ಈಗಾಗಲೇ ಮಾಡುತ್ತಿದ್ದೀರಿ, ಹೆಸರು ಗೊತ್ತಿರಲಿಲ್ಲ ಅಷ್ಟೆ.

ರೆಸ್ಯೂಮೆ ಇಂಗ್ಲಿಷಿನಲ್ಲಿಯೇ ಇರಬೇಕು. ಆದ್ದರಿಂದ ಇಲ್ಲಿ ನಾನು ಕೊಡುವುದು ಅರ್ಥವನ್ನು ಮಾತ್ರ. ‘ತಂದೆಯ ವ್ಯಾಪಾರದಲ್ಲಿ ಸಹಾಯ ಮಾಡುತ್ತೇನೆ’ ಎಂದು ಬರೆದರೆ ಓದುವವರಿಗೆ ಏನೂ ತಿಳಿಯುವುದಿಲ್ಲ. ಅದರ ಬದಲು, ‘ಥಾಣೆಯ ಕುಟುಂಬದ ಹೋಟೆಲಿನಲ್ಲಿ ಅರೆಕಾಲಿಕ ಕ್ಯಾಶಿಯರ್ ಮತ್ತು ಲೆಕ್ಕಪತ್ರ ಸಹಾಯಕಿ, ಎರಡು ಡೆಲಿವರಿ ಆ್ಯಪ್‌ಗಳ ಪಾವತಿಯನ್ನು ಬಿಲ್ಲುಗಳೊಂದಿಗೆ ಪ್ರತಿ ವಾರ ಎಕ್ಸೆಲ್‌ನಲ್ಲಿ ತಾಳೆ ನೋಡಿ ವ್ಯತ್ಯಾಸಗಳನ್ನು ಪತ್ತೆಹಚ್ಚುವುದು, ದಿನದ ಕೊನೆಗೆ ನಗದು, ಯುಪಿಐ ಲೆಕ್ಕ ಮುಗಿಸುವುದು, ತರಕಾರಿ ಮತ್ತು ಹಾಲಿನ ಪೂರೈಕೆದಾರರ ಬಿಲ್ಲುಗಳನ್ನು ತಿಂಗಳಿಗೊಮ್ಮೆ ಸಿ.ಎ. ಕಚೇರಿಗೆ ಸಿದ್ಧಪಡಿಸಿ ಕೊಡುವುದು’ ಎಂದು ಬರೆದರೆ ಕೆಲಸದ ಚಿತ್ರ ಕಣ್ಣಿಗೆ ಕಟ್ಟುತ್ತದೆ. ಇದರಲ್ಲಿ ನೀವು ಮಾಡದಿರುವುದೇನಾದರೂ ಇದ್ದರೆ ಹೊಡೆದುಹಾಕಿ. ಉಳಿದದ್ದಕ್ಕೆ ನಿಜವಾದ ಸಂಖ್ಯೆಗಳನ್ನು ಸೇರಿಸಿ: ದಿನಕ್ಕೆ ಸುಮಾರು ಎಷ್ಟು ಬಿಲ್ಲು, ಎಷ್ಟು ಸಮಯದಿಂದ ಮಾಡುತ್ತಿದ್ದೀರಿ, ಆ್ಯಪ್‌ನವರಿಂದ ಹಿಂದಕ್ಕೆ ಪಡೆದ ಹಣ ಎಷ್ಟು.

ಹೀಗೆ ಬರೆಯುವುದರಲ್ಲಿ ಇನ್ನೊಂದು ಲಾಭವಿದೆ. ಸಂದರ್ಶನದಲ್ಲಿ ಪ್ರಶ್ನೆಗಳು ರೆಸ್ಯೂಮೆಯಿಂದಲೇ ಹುಟ್ಟುತ್ತವೆ. ‘ಆ್ಯಪ್ ಮೂಲಕ ಬಂದ ಆರ್ಡರಿಗೂ ನೇರವಾಗಿ ಬಂದ ಗಿರಾಕಿಗೂ ಜಿಎಸ್‌ಟಿಯಲ್ಲಿ ವ್ಯತ್ಯಾಸವೇನು’ ಎಂದು ಕೇಳಿದರೆ, 2022ರ ಜನವರಿ 1ರಿಂದ ಆ್ಯಪ್ ಮೂಲಕ ಹೋಗುವ ಹೋಟೆಲ್ ಊಟದ ತೆರಿಗೆಯನ್ನು ಸರ್ಕಾರಕ್ಕೆ ಕಟ್ಟುವ ಹೊಣೆ ಆ್ಯಪ್ ಕಂಪನಿಗಳದ್ದೇ ಆಗಿದೆ, ಗಲ್ಲಾದಲ್ಲಿ ಮಾಡಿದ ಬಿಲ್ಲಿನ ತೆರಿಗೆಯನ್ನು ಮಾತ್ರ ಹೋಟೆಲು ಕಟ್ಟುತ್ತದೆ ಎಂದು ನೀವು ತಡವರಿಸದೆ ಹೇಳಬಲ್ಲಿರಿ. ಪುಸ್ತಕದಿಂದ ಬಾಯಿಪಾಠ ಮಾಡಿದವರ ಉತ್ತರಕ್ಕೂ ಕೈಯಾರೆ ಲೆಕ್ಕ ಬರೆದವರ ಉತ್ತರಕ್ಕೂ ಇರುವ ಅಂತರವನ್ನು ಕೇಳುವವರು ತಕ್ಷಣ ಗುರುತಿಸುತ್ತಾರೆ.

ಈಗ ಆ ಸರ್ಟಿಫಿಕೇಟಿನ ವಿಷಯ. ಖಂಡಿತ ಮಾಡಿಸಬೇಡಿ. ದೊಡ್ಡ ಕಂಪನಿಗಳೂ ಬ್ಯಾಂಕುಗಳೂ ಅಭ್ಯರ್ಥಿಯ ಹಿನ್ನೆಲೆಯನ್ನು ಪರಿಶೀಲಿಸುವ ಕೆಲಸವನ್ನು ಬೇರೆ ಸಂಸ್ಥೆಗಳಿಗೆ ವಹಿಸುತ್ತವೆ. ಅವರು ಸರ್ಟಿಫಿಕೇಟಿನಲ್ಲಿರುವ ಕಚೇರಿಗೆ ಫೋನು ಮಾಡುತ್ತಾರೆ, ಮೇಲ್ ಕಳುಹಿಸುತ್ತಾರೆ, ಸ್ಟೈಪೆಂಡ್ ಬಂದ ದಾಖಲೆ ಕೇಳುತ್ತಾರೆ. ಕೆಲಸಕ್ಕೆ ಸೇರಿದ ಮೇಲೆ ಈ ಪರಿಶೀಲನೆಯ ವರದಿ ಬರುವುದೂ ಉಂಟು, ಆಗ ಹೋಗುವುದು ಆ ಕೆಲಸ ಮಾತ್ರವಲ್ಲ. ಅದಕ್ಕಿಂತ ಮೊದಲೇ, ‘ಆರು ತಿಂಗಳು ಅಲ್ಲಿ ಏನು ಮಾಡಿದಿರಿ’ ಎಂಬ ಸರಳ ಪ್ರಶ್ನೆಗೆ ನಿಮ್ಮ ಗೆಳತಿ ಏನು ಹೇಳುತ್ತಾಳೆ? ಅವಳಿಗೂ ಇದನ್ನು ತಿಳಿಸಿ, ರೆಸ್ಯೂಮೆಯಿಂದ ಆ ಸಾಲನ್ನು ಈಗಲೇ ತೆಗೆಯಲಿ.

ಎ.ಟಿ.ಕೆ.ಟಿ.ಯ ಬಗ್ಗೆ ಅಷ್ಟೊಂದು ಚಿಂತೆ ಬೇಡ. ಆ ವಿಷಯ ಪಾಸಾಗಿದ್ದರೆ ಅದನ್ನು ರೆಸ್ಯೂಮೆಯಲ್ಲಿ ತೋಡಿಕೊಳ್ಳಬೇಕಾದ ಅಗತ್ಯವಿಲ್ಲ. ಆದರೆ ಅರ್ಜಿಯ ಫಾರ್ಮಿನಲ್ಲೋ ಸಂದರ್ಶನದಲ್ಲೋ ನೇರವಾಗಿ ಕೇಳಿದರೆ, ಬಂದಿತ್ತು, ಮರುಪರೀಕ್ಷೆಯಲ್ಲಿ ತೇರ್ಗಡೆಯಾದೆ ಎಂದು ಒಂದೇ ವಾಕ್ಯದಲ್ಲಿ ಹೇಳಿ ಮುಂದಕ್ಕೆ ಹೋಗಿ. ಕಾರಣಗಳನ್ನು ಉದ್ದಕ್ಕೆ ವಿವರಿಸಲು ಹೊರಟವರೇ ಅನುಮಾನ ಹುಟ್ಟಿಸುತ್ತಾರೆ.

ರೆಸ್ಯೂಮೆಯ ರೂಪದ ವಿಷಯದಲ್ಲಿ ನಮ್ಮ ಮನೆಗಳಲ್ಲಿ ಇನ್ನೂ ಹಳೆಯ ಬಯೋಡೇಟಾದ ನೆರಳಿದೆ. ತಂದೆಯ ಹೆಸರು, ಜಾತಿ, ಧರ್ಮ, ವಿವಾಹಿತರೋ ಅಲ್ಲವೋ, ಎತ್ತರ, ಭಾವಚಿತ್ರ ಎಲ್ಲವೂ ಅದರಲ್ಲಿರುತ್ತಿದ್ದವು. ಮದುವೆಯ ಪ್ರಸ್ತಾಪಕ್ಕೆ ಅವು ಬೇಕಾಗಬಹುದು, ಕೆಲಸಕ್ಕೆ ಬೇಕಿಲ್ಲ. ನಿಮ್ಮದು ಒಂದೇ ಪುಟದಲ್ಲಿ ಮುಗಿಯಲಿ. ವಿಳಾಸಕ್ಕೆ ‘ಡೊಂಬಿವಲಿ ಪೂರ್ವ’ ಎಂದಿದ್ದರೆ ಸಾಕು, ಬಿಲ್ಡಿಂಗಿನ ಹೆಸರು, ಫ್ಲ್ಯಾಟ್ ನಂಬರು ಅಪರಿಚಿತರಿಗೆ ಯಾಕೆ? ‘ಸವಾಲಿನ ಕೆಲಸದಲ್ಲಿ ನನ್ನ ಪ್ರತಿಭೆಯನ್ನು ಬಳಸುವ ಗುರಿ’ ಎಂಬಂಥ ಸಾಲುಗಳನ್ನು ಪೂರ್ತಿ ಬಿಟ್ಟುಬಿಡಿ. ಅವನ್ನು ಓದುವವರು ಯಾರೂ ಇಲ್ಲ. ಭಾಷೆಗಳ ಸಾಲನ್ನು ಮಾತ್ರ ಉದಾಸೀನ ಮಾಡಬೇಡಿ. ಕನ್ನಡ, ತುಳು, ಮರಾಠಿ, ಹಿಂದಿ, ಇಂಗ್ಲಿಷ್ ಇವುಗಳಲ್ಲಿ ಯಾವುದನ್ನು ಓದಿ ಬರೆಯಬಲ್ಲಿರಿ, ಯಾವುದನ್ನು ಆಡಲು ಮಾತ್ರ ಬಲ್ಲಿರಿ ಎಂಬುದನ್ನು ಬಿಡಿಬಿಡಿಯಾಗಿ ಹೇಳಿ. ಬ್ಯಾಂಕುಗಳ ಕ್ಲರ್ಕ್ ಹುದ್ದೆಗೆ ಆಯಾ ರಾಜ್ಯದ ಭಾಷೆಯ ಜ್ಞಾನವನ್ನು ಪರೀಕ್ಷಿಸುತ್ತಾರೆ. ಶಾಲೆಯಲ್ಲಿ ಕಲಿತ ಮರಾಠಿ ಅಲ್ಲಿ ನಿಮ್ಮ ಕೈಹಿಡಿಯುತ್ತದೆ, ಕರ್ನಾಟಕದ ಹುದ್ದೆಗೆ ಅರ್ಜಿ ಹಾಕುವ ಮನಸ್ಸಿದ್ದರೆ ಕನ್ನಡ ಬರವಣಿಗೆಯನ್ನು ಈಗಿನಿಂದಲೇ ರೂಢಿ ಮಾಡಿಕೊಳ್ಳಬೇಕಾಗುತ್ತದೆ.

ಎರಡು ಅಂಕಣಗಳ, ಬಣ್ಣದ ಪಟ್ಟಿಗಳ, ನಕ್ಷತ್ರಗಳಿಂದ ಕೌಶಲ ಅಳೆಯುವ ಟೆಂಪ್ಲೇಟುಗಳು ನೋಡಲು ಚೆನ್ನಾಗಿರುತ್ತವೆ. ಆದರೆ ದೊಡ್ಡ ಕಂಪನಿಗಳಲ್ಲಿ ನಿಮ್ಮ ರೆಸ್ಯೂಮೆಯನ್ನು ಮನುಷ್ಯರಿಗಿಂತ ಮೊದಲು ಅರ್ಜಿ ವಿಂಗಡಿಸುವ ಸಾಫ್ಟ್‌ವೇರ್ ಓದುತ್ತದೆ, ಅಂಕಣಗಳೂ ಚೌಕಗಳೂ ಇದ್ದರೆ ಅದು ಮುಗ್ಗರಿಸಬಹುದು. ಪರೀಕ್ಷಿಸುವ ಸುಲಭ ವಿಧಾನ ಹೀಗಿದೆ: ಪಿಡಿಎಫ್ ತೆರೆದು, ಅದರಲ್ಲಿರುವುದೆಲ್ಲವನ್ನೂ ಕಾಪಿ ಮಾಡಿ, ನೋಟ್‌ಪ್ಯಾಡ್‌ನಲ್ಲಿ ಪೇಸ್ಟ್ ಮಾಡಿ. ನಿಮ್ಮ ಕಾಲೇಜಿನ ಹೆಸರು ಫೋನ್ ನಂಬರಿನ ನಡುವೆ ಬಂದು ಕುಳಿತಿದ್ದರೆ ಆ ಟೆಂಪ್ಲೇಟನ್ನು ಬದಲಿಸಿ. ಚಾಟ್‌ಜಿಪಿಟಿಯಂಥವುಗಳಿಂದ ಇಂಗ್ಲಿಷಿನ ತಪ್ಪು ತಿದ್ದಿಸಿಕೊಳ್ಳುವುದರಲ್ಲಿ ನನಗೆ ಆಕ್ಷೇಪವಿಲ್ಲ. ಇಡೀ ರೆಸ್ಯೂಮೆಯನ್ನೇ ಅದರ ಕೈಗೆ ಕೊಟ್ಟರೆ ನಿಮ್ಮ ತರಗತಿಯ ಅರ್ಧದಷ್ಟು ಮಂದಿಯ ರೆಸ್ಯೂಮೆಯಲ್ಲಿರುವ ವಾಕ್ಯಗಳೇ ನಿಮ್ಮದರಲ್ಲೂ ಇರುತ್ತವೆ.

ಪರೀಕ್ಷೆ ಮುಗಿದ ಮೇಲೆ ಆರಂಭಿಸಿದರೆ ಸಾಕೇ ಎಂದು ಕೇಳಿದ್ದೀರಿ. ಸಾಲದು. ನಿಮಗೆ ಈಗ ಐದನೆಯ ಸೆಮಿಸ್ಟರ್ ನಡೆಯುತ್ತಿದೆ. ಕ್ಯಾಂಪಸ್ಸಿಗೆ ಬರುವ ಕಂಪನಿಗಳು ಸಾಮಾನ್ಯವಾಗಿ ಈ ವೇಳೆಗೇ ಬರಲು ಆರಂಭಿಸುತ್ತವೆ. ಕಾಲೇಜಿನ ಪ್ಲೇಸ್‌ಮೆಂಟ್ ಸೆಲ್‌ನಲ್ಲಿ ಹೆಸರು ನೋಂದಾಯಿಸುವುದು ಈ ವಾರದ ಕೆಲಸವಾಗಲಿ. ದೀಪಾವಳಿಯೊಳಗೆ ರೆಸ್ಯೂಮೆ ಒಂದು ಹದಕ್ಕೆ ಬರಲಿ. ಆರನೆಯ ಸೆಮಿಸ್ಟರಿನ ಪರೀಕ್ಷೆ ಹತ್ತಿರ ಬಂದಾಗ ಅರ್ಜಿಗಳನ್ನು ಬದಿಗಿಟ್ಟು ಓದಿಗೆ ಕುಳಿತುಕೊಳ್ಳಿ. ಸಿ.ಎ. ಕಚೇರಿಗಳ ಲೆಕ್ಕಾಚಾರ ಬೇರೆ: ಮಾರ್ಚ್ 31ಕ್ಕೆ ವರ್ಷ ಮುಗಿದು, ಏಪ್ರಿಲಿನಿಂದ ಸೆಪ್ಟೆಂಬರಿನವರೆಗೆ ಅವರಿಗೆ ರಿಟರ್ನು ಮತ್ತು ಆಡಿಟ್‌ಗಳ ಉಸಿರು ಬಿಡಲಾಗದ ಒತ್ತಡವಿರುತ್ತದೆ, ಆಗ ಕೈಗೆ ಜನ ಬೇಕಾಗುತ್ತಾರೆ. ನಿಮ್ಮ ಪರೀಕ್ಷೆ ಮುಗಿಯುವುದೂ ಆಗಲೇ. ಇಂಥ ಚಿಕ್ಕ ಕಚೇರಿಗಳು ಜಾಹೀರಾತು ಕೊಡುವುದು ಅಪರೂಪ. ಬಿಲ್ಲುಗಳನ್ನು ನೀವು ಯಾರಿಗೆ ಒಪ್ಪಿಸುತ್ತೀರೋ ಆ ಸಿ.ಎ.ಯವರನ್ನೇ ಮೊದಲು ಕೇಳಿ. ಅವರು ನಿಮ್ಮ ಕೈಬರಹವನ್ನೂ ಲೆಕ್ಕವನ್ನೂ ಬಲ್ಲವರು.

ಪದವಿ ಕೈಗೆ ಬಂದ ಮೇಲೆ ತೆರೆಯುವ ಬಾಗಿಲುಗಳೂ ಇವೆ. 1961ರ ಅಪ್ರೆಂಟಿಸ್ ಕಾಯಿದೆಯಡಿ ಪದವೀಧರರಿಗೆ ಒಂದು ವರ್ಷದ ತರಬೇತಿಯ ಅವಕಾಶವಿದೆ, ನಿಗದಿತ ಸ್ಟೈಪೆಂಡಿನ ಒಂದು ಪಾಲನ್ನು ಕೇಂದ್ರ ಸರ್ಕಾರವೇ ಭರಿಸುತ್ತದೆ. ಇದಕ್ಕೆ ನ್ಯಾಟ್ಸ್ ಎಂಬ ಸರ್ಕಾರಿ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಕೊಳ್ಳಬೇಕು. ಪಶ್ಚಿಮ ವಲಯದ ತರಬೇತಿ ಮಂಡಳಿಯ ಕಚೇರಿ ಸಾಯನ್‌ನಲ್ಲೇ ಇದೆ. ಸರ್ಕಾರಿ ಬ್ಯಾಂಕುಗಳ ನೇಮಕಾತಿಗೆ ಐಬಿಪಿಎಸ್ ಎಂಬ ಸಂಸ್ಥೆ ನಡೆಸುವ ಕ್ಲರ್ಕ್ ಮತ್ತು ಪ್ರೊಬೇಷನರಿ ಆಫೀಸರ್ ಪರೀಕ್ಷೆಗಳಿಗೆ 20 ವರ್ಷ ತುಂಬಿರಬೇಕು, ಅಧಿಸೂಚನೆಯಲ್ಲಿ ಹೇಳಿದ ದಿನಕ್ಕೆ ಪದವಿಯ ಫಲಿತಾಂಶ ಬಂದಿರಬೇಕು. ಫಲಿತಾಂಶ ತಡವಾದರೆ ಆ ವರ್ಷದ ಅವಕಾಶ ತಪ್ಪಿಹೋಗಬಹುದೆಂಬುದನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ.

ಯಾವ ಕಚೇರಿಗಳಿಗೆ ಬರೆಯಬೇಕೆಂಬ ಪಟ್ಟಿಯನ್ನು ನೌಕ್ರಿ, ಲಿಂಕ್ಡ್‌ಇನ್ ತೆರೆಯುವ ಮೊದಲು ಲೋಕಲ್ ರೈಲಿನ ನಕ್ಷೆ ಮುಂದಿಟ್ಟುಕೊಂಡು ಮಾಡಬೇಕೆಂಬುದು ನನ್ನ ಅಭಿಪ್ರಾಯ. ಇದನ್ನು ಕೇಳಿ ನಗುವವರು ಮುಂಬಯಿಯಲ್ಲಿ ಕೆಲಸ ಮಾಡಿದವರಲ್ಲ. ಡೊಂಬಿವಲಿಯಿಂದ ಥಾಣೆ, ಮುಲುಂದ್, ವಿಕ್ರೋಲಿ ಒಂದೇ ಗಾಡಿಯ ದಾರಿ. ಐರೋಲಿಗೆ ಥಾಣೆಯಲ್ಲಿ ಗಾಡಿ ಬದಲಿಸಬೇಕು. ಅಂಧೇರಿಗೆ ಘಾಟ್‌ಕೋಪರಿನಲ್ಲಿ ಇಳಿದು ಮೆಟ್ರೊ ಹಿಡಿಯಬೇಕು, ಬಾಂದ್ರಾ ಕುರ್ಲಾ ಕಾಂಪ್ಲೆಕ್ಸಿಗೆ ಕುರ್ಲಾದಿಂದ ಬಸ್ಸನ್ನೋ ಶೇರ್ ರಿಕ್ಷಾವನ್ನೋ ಹುಡುಕಬೇಕು. ಬೆಳಗಿನ ಹೊತ್ತು ಡೊಂಬಿವಲಿಯ ಪ್ಲಾಟ್‌ಫಾರ್ಮಿನಲ್ಲಿ ಗಾಡಿ ಹತ್ತುವುದೇನೆಂದು ನಿಮಗೆ ಹೇಳಬೇಕಾಗಿಲ್ಲ. ದಿನಕ್ಕೆ ನಾಲ್ಕು ಗಂಟೆ ಪ್ರಯಾಣಕ್ಕೆ ಹೋಗುವ ಮೊದಲ ಕೆಲಸಕ್ಕಿಂತ, ತುಸು ಕಡಿಮೆ ಸಂಬಳವಾದರೂ ಸಂಜೆ ಏನಾದರೂ ಕಲಿಯಲು ಸಮಯ ಉಳಿಸುವ ಕೆಲಸ ಮೇಲು. ಪಟ್ಟಿ ಚಿಕ್ಕದಾದರೆ ಪ್ರತಿಯೊಂದು ಕಚೇರಿಗೂ ಅವರ ಜಾಹೀರಾತನ್ನು ಓದಿ, ಅವರಿಗೆ ಬೇಕಾದುದನ್ನು ರೆಸ್ಯೂಮೆಯ ಮೇಲ್ಭಾಗಕ್ಕೆ ತಂದು ಕಳುಹಿಸಲು ಬಿಡುವು ಸಿಗುತ್ತದೆ. ಯಾರಿಗೆ, ಯಾವಾಗ, ಯಾವ ಪ್ರತಿ ಕಳುಹಿಸಿದಿರಿ ಎಂಬುದನ್ನು ಒಂದು ಎಕ್ಸೆಲ್ ಹಾಳೆಯಲ್ಲಿ ಬರೆದಿಡಿ, ಹತ್ತು ದಿನಗಳಲ್ಲಿ ಉತ್ತರ ಬಾರದಿದ್ದರೆ ಒಮ್ಮೆ ವಿನಯದಿಂದ ನೆನಪಿಸಿ.

ನಿಮ್ಮ ಸೋದರಮಾವನ ಮಾತನ್ನು ತಳ್ಳಿಹಾಕಬೇಡಿ. ಈ ಊರಿನಲ್ಲಿ ನಮ್ಮ ಸಂಘಗಳು ಎಷ್ಟೋ ಮಂದಿಗೆ ನೆಲೆ ಕೊಟ್ಟಿವೆ, ಕಂಪನಿಗಳೂ ತಮ್ಮ ನೌಕರರು ಸೂಚಿಸಿದ ಹೆಸರುಗಳನ್ನು ಮೊದಲು ನೋಡುವುದುಂಟು. ಆದರೆ ‘ಹುಡುಗಿಗೆ ಎಲ್ಲಾದರೂ ಒಂದು ಕೆಲಸ ನೋಡಿ’ ಎಂಬ ಮಾತು ಸಭೆಯ ಊಟ ಮುಗಿಯುವಷ್ಟರಲ್ಲಿ ಮರೆತುಹೋಗುತ್ತದೆ. ಬ್ಯಾಂಕಿನಲ್ಲೋ ಆಡಿಟ್ ಕಚೇರಿಯಲ್ಲೋ ಇರುವ ಒಬ್ಬರ ಪರಿಚಯ ಮಾಡಿಸಿಕೊಡಲು ಮಾವನಿಗೆ ಹೇಳಿ. ಅವರನ್ನು ನೀವೇ ಭೇಟಿಯಾಗಿ, ಅವರ ವಿಭಾಗದಲ್ಲಿ ಹೊಸಬರು ಮಾಡುವ ಕೆಲಸವೇನು, ಏನು ಗೊತ್ತಿದ್ದರೆ ಅನುಕೂಲ ಎಂದು ಕೇಳಿ, ಅದೇ ರಾತ್ರಿ ರೆಸ್ಯೂಮೆಯನ್ನೂ ನಿಮಗೆ ಬೇಕಾದ ಹುದ್ದೆಯ ಹೆಸರನ್ನೂ ಮೇಲ್ ಮಾಡಿ. ನಿಮ್ಮ ಹೆಸರನ್ನು ಇನ್ನೊಬ್ಬರಿಗೆ ಸೂಚಿಸಲು ಅವರ ಕೈಯಲ್ಲೂ ಏನಾದರೂ ಇರಬೇಕಲ್ಲ.

ಕೆಲಸ ಕೊಡಿಸಲು ರಿಜಿಸ್ಟ್ರೇಶನ್, ಟ್ರೇನಿಂಗ್, ಡಿಪಾಜಿಟ್ ಎಂಬ ಯಾವ ಹೆಸರಿನಲ್ಲಿ ಹಣ ಕೇಳಿದರೂ ಅಲ್ಲಿಂದ ಎದ್ದು ಬನ್ನಿ. ಆಫರ್ ಲೆಟರ್ ಬಂದಾಗ ವರ್ಷದ ದೊಡ್ಡ ಮೊತ್ತವನ್ನು ನೋಡಿ ಸಹಿ ಹಾಕದೆ, ತಿಂಗಳಿಗೆ ಕೈಗೆ ಬರುವುದೆಷ್ಟು, ಅದರಲ್ಲಿ ಖಚಿತವಾದದ್ದೆಷ್ಟು, ಬಾಂಡ್ ಇದೆಯೇ, ನೋಟಿಸಿನ ಅವಧಿ ಎಷ್ಟು ಎಂದು ಕೇಳಿ ತಿಳಿದುಕೊಳ್ಳಿ. ಮೂಲ ಅಂಕಪಟ್ಟಿಗಳನ್ನು ತೋರಿಸಿ ವಾಪಸು ತನ್ನಿ, ಅವರ ಬಳಿ ಬಿಟ್ಟುಬರಬೇಡಿ. ರೆಸ್ಯೂಮೆಯ ಕರಡು ಸಿದ್ಧವಾದ ಮೇಲೆ, ಫೋನ್ ನಂಬರು ಅಳಿಸಿ, ಪತ್ರಿಕೆಯ ವಿಳಾಸಕ್ಕೆ ಒಂದು ಪ್ರತಿ ಕಳುಹಿಸಿದರೆ ಓದಿ ಅಂಚಿನಲ್ಲಿ ಗುರುತು ಹಾಕಿ ಹಿಂದಿರುಗಿಸುತ್ತೇನೆ.

ಸಂಪಾದಕ