ಐಸಿ ಸರಿ ಇದೆ, ಸಾಕೆಟ್ ಸಡಿಲ

ಪ್ರಶ್ನೆ: ನಮ್ಮದು ಸಕಲೇಶಪುರದಲ್ಲಿ ಟಿವಿ ರಿಪೇರಿ ಅಂಗಡಿ. ಫ್ಲ್ಯಾಶ್ ಐಸಿ, ಅಂದರೆ ಟಿವಿಯ ಸಾಫ್ಟ್‌ವೇರ್ ಇರುವ ಮೆಮೊರಿ ಚಿಪ್, ಓದಿ ಬರೆಯಲು ಕಡಿಮೆ ಬೆಲೆಯ ಸಿಎಚ್341ಎ ಪ್ರೋಗ್ರಾಮರ್ ಬೋರ್ಡ್ ತಗೊಂಡಿದ್ದೆ. ಮೊದಲು ಚೆನ್ನಾಗಿತ್ತು. ಈ ಮಳೆಗಾಲದಿಂದ ಒಂದೇ ಐಸಿಯನ್ನು ಎರಡು ಸಲ ಓದಿದರೆ ಎರಡು ಥರ ಫೈಲ್ ಬರುತ್ತದೆ. ಬೆರಳಲ್ಲಿ ಒತ್ತಿ ಹಿಡಿದರೆ ಸರಿ. ಹೊಸದು ತಗೊಳ್ಳಲಾ, ಸಾಕೆಟ್ ಬದಲಾಯಿಸಲಾ?

ಉತ್ತರ: ಸಾಕೆಟ್ ಬದಲಾಯಿಸಿ ಸಾರ್. ಒತ್ತಿದರೆ ಸರಿಹೋಗುತ್ತದೆ ಅಂದಮೇಲೆ ಬೋರ್ಡ್ ಚೆನ್ನಾಗಿದೆ, ಕಾಂಟ್ಯಾಕ್ಟ್ ಕೈಕೊಟ್ಟಿದೆ. ಅಗ್ಗದ ಝಿಫ್ ಸಾಕೆಟ್ಟಿನ (ಸನ್ನೆ ಎತ್ತಿ ಐಸಿ ಕೂರಿಸುವ ಸಾಕೆಟ್) ಒಳಗಿನ ತಗಡು ಬೇಗ ಬಿಗಿ ಕಳೆದುಕೊಳ್ಳುತ್ತದೆ, ನಿಮ್ಮ ಕಡೆಯ ತೇವಕ್ಕೆ ಕಪ್ಪಾಗುವುದೂ ಉಂಟು.

ಆದರೆ ಮೊದಲು ಒಂದು ಪರೀಕ್ಷೆ ಮಾಡಿ. ಎಂಟು ಕಾಲಿನ ಸಣ್ಣ ಐಸಿಗೆ ನೀವು ಅಡಾಪ್ಟರ್ ಹಾಕುತ್ತೀರಿ, ಅಲ್ವಾ? ತಪ್ಪು ಅದರದ್ದೂ ಇರಬಹುದು. ಯುಎಸ್‌ಬಿಯಿಂದ ತೆಗೆದು, ಮಲ್ಟಿಮೀಟರ್ ಬೀಪ್‌ಗೆ ಇಟ್ಟು, ಐಸಿ ಕಾಲಿನಿಂದ ಅಡಾಪ್ಟರ್ ಪಿನ್‌ಗೆ, ಆಮೇಲೆ ಆ ಪಿನ್‌ನಿಂದ ಬೋರ್ಡಿನ ಕೆಳಗಿನ ಬೆಸುಗೆಗೆ ನೋಡಿ. ಸ್ವಲ್ಪ ಅಲ್ಲಾಡಿಸಿದಾಗ ಬೀಪ್ ಎಲ್ಲಿ ತಪ್ಪುತ್ತದೋ ಅದನ್ನು ಬದಲಾಯಿಸಿ.

ಹಳೇ ಸಾಕೆಟ್ಟನ್ನು ಇಡಿಯಾಗಿ ಕೀಳಲು ಮಾತ್ರ ಹೋಗಬೇಡಿ. ಹದಿನಾರು ಕಾಲನ್ನೂ ಒಟ್ಟಿಗೆ ಬಿಸಿ ಮಾಡಿ ಎಳೆದರೆ ಬೋರ್ಡಿನ ಮೇಲೆ ಬೆಸುಗೆ ಕೂರುವ ತಾಮ್ರದ ಪ್ಯಾಡ್ ಎದ್ದು ಬರುತ್ತದೆ, ಅದು ಎದ್ದರೆ ಜಂಪರ್ ವೈರ್ ಎಳೆಯುವ ಕೆಲಸ ಶುರು. ಸಾಕೆಟ್ ಹೇಗಿದ್ದರೂ ಎಸೆಯುವುದೇ ತಾನೆ, ಮೇಲಿನ ಮುಚ್ಚಳ ಎತ್ತಿ, ಪ್ಲಾಸ್ಟಿಕ್ಕನ್ನು ಕಟರ್‌ನಲ್ಲಿ ತುಂಡು ಮಾಡಿ ತೆಗೆಯಿರಿ. ಆಗ ಒಂದೊಂದೇ ಪಿನ್ ಉಳಿಯುತ್ತದೆ. ಐರನ್ 350 ಡಿಗ್ರಿಗಿಟ್ಟು, ಪ್ರತಿ ಪಿನ್‌ಗೂ ಸ್ವಲ್ಪ ಹೊಸ ಸೋಲ್ಡರ್ ಕೊಟ್ಟು, ಚಿಮುಟದಲ್ಲಿ ಹಿಡಿದರೆ ತಾನಾಗಿ ಬರುತ್ತದೆ. ಗ್ರೌಂಡ್ ಪಿನ್ ಮೊಂಡು ಮಾಡುತ್ತದೆ. ಅಲ್ಲಿ ತಾಮ್ರ ಜಾಸ್ತಿ, ಬಿಸಿಯನ್ನೆಲ್ಲ ಹೀರುತ್ತದೆ. ಬಲ ಹಾಕಬೇಡಿ, ಕಾಯಿರಿ. ಆಮೇಲೆ ಸೋಲ್ಡರ್ ಎಳೆಯುವ ಪಂಪ್ ಅಥವಾ ಸೋಲ್ಡರ್ ಹೀರುವ ತಾಮ್ರದ ಜಡೆ, ಅಂದರೆ ವಿಕ್‌ನಿಂದ ತೂತು ಬಿಡಿಸಿ.

ಹೊಸ ಸಾಕೆಟ್ ತರುವ ಮುಂಚೆ ಎರಡು ಸಾಲಿನ ನಡುವಿನ ಅಂತರ ಅಳೆಯಿರಿ. ಪಿನ್‌ನಿಂದ ಪಿನ್‌ಗೆ 2.54 ಮಿಲಿಮೀಟರ್ ಇದ್ದೇ ಇರುತ್ತದೆ, ಸಾಲಿನ ಅಂತರ ಮಾತ್ರ ಬೇರೆ ಬೇರೆ. ಚಿನ್ನದ ಲೇಪನದ್ದು ಸಿಕ್ಕರೆ ಸ್ವಲ್ಪ ಜಾಸ್ತಿ ಕೊಟ್ಟಾದರೂ ಅದನ್ನೇ ತಗೊಳ್ಳಿ. ಬೆಸೆಯುವಾಗ ಫ್ಲಕ್ಸ್ (ಸೋಲ್ಡರ್ ಹಿಡಿಯಲು ಹಚ್ಚುವ ಅಂಟು) ಕಮ್ಮಿ ಹಾಕಿ, ಒಳಗೆ ಹರಿದರೆ ಹೊಸ ಕಾಂಟ್ಯಾಕ್ಟೂ ಕೆಡುತ್ತದೆ. ಮುಂದೆಯೂ ಅಷ್ಟೇ, ಬೋರ್ಡಿನಿಂದ ಬಿಚ್ಚಿದ ಐಸಿಯ ಕಾಲಲ್ಲಿ ಸೋಲ್ಡರ್ ಗಂಟು ಇದ್ದರೆ ವಿಕ್‌ನಿಂದ ತೆಗೆದೇ ಅಡಾಪ್ಟರ್‌ಗೆ ಹಾಕಿ.

ನಿಮ್ಮ ಬೋರ್ಡ್ ಕಪ್ಪು ಬಣ್ಣದ್ದಾದರೆ ಐಸಿ ಹಾಕುವ ಮುಂಚೆ ಡೇಟಾ ಪಿನ್‌ಗಳ ವೋಲ್ಟೇಜ್ ನೋಡಿಬಿಡಿ. ಅಂಥ ಎಷ್ಟೋ ಬೋರ್ಡ್‌ಗಳಲ್ಲಿ 3.3 ವೋಲ್ಟ್ ಐಸಿಗೂ ಅಲ್ಲಿ 5 ವೋಲ್ಟ್ ಬರುತ್ತದೆ.

ಕೊನೆಗೆ, ಗೊತ್ತಿರುವ ಐಸಿಯ ಐಡಿ, ಅಂದರೆ ಚಿಪ್ಪಿನೊಳಗೇ ಬರೆದಿರುವ ಗುರುತಿನ ಸಂಖ್ಯೆ, ಓದಿ. ವಿನ್‌ಬಾಂಡ್ ಡಬ್ಲ್ಯು25ಕ್ಯೂ64 ಆದರೆ ಸಾಮಾನ್ಯವಾಗಿ ಇಎಫ್ 40 17 ಬರಬೇಕು. ಬರೀ ಎಫ್‌ಎಫ್ ಬಂದರೆ ಇನ್ನೂ ಎಲ್ಲೋ ಕಾಂಟ್ಯಾಕ್ಟ್ ಇಲ್ಲ. ಮೂರು ಸಲ ಓದಿ, ಮೂರು ಫೈಲೂ ಒಂದೇ ಇದೆಯಾ ಹೋಲಿಸಿ. ಅಲ್ಲಿಯವರೆಗೆ ಗಿರಾಕಿಯ ಐಸಿ ಇರೇಸ್ ಮಾಡಬೇಡಿ, ಅಂದರೆ ಅಳಿಸಬೇಡಿ. ಆ ಟಿವಿಯ ಮೂಲ ಫೈಲ್ ಇರುವುದು ಅದೊಂದರಲ್ಲೇ.