ಮೊದಲು ಸಹಿ, ಆಮೇಲೆ ಲೆಕ್ಕ ಬೇಡ

ನ್ಯೂಜೆರ್ಸಿಯ ಓದುಗರೊಬ್ಬರ ಪತ್ರ: ಮಗಳು ಈಗ 12ನೇ ತರಗತಿ. ಏರೋಸ್ಪೇಸ್ ಎಂಜಿನಿಯರಿಂಗ್ ಓದುವ ಆಸೆ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯಕ್ಕೆ ‘ಅರ್ಲಿ ಡಿಸಿಷನ್’ ಅರ್ಜಿ ಹಾಕಿದರೆ ಸೀಟು ಸುಲಭ ಅಂತ ನಮ್ಮ ಯಜಮಾನರು ಹೇಳುತ್ತಾರೆ. ನಾವಿನ್ನೂ ಎಚ್-1ಬಿ ವೀಸಾದಲ್ಲೇ ಇದ್ದೇವೆ. ಹಾಕಿಬಿಡೋಣವೇ?

ಸಂಪಾದಕರ ಉತ್ತರ:

ನಮಸ್ಕಾರ. ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನಾನಾಗಿದ್ದರೆ ಹಾಕುತ್ತಿರಲಿಲ್ಲ. ಯಾಕೆ ಅಂತ ಹೇಳುತ್ತೇನೆ.

ಊರಿನ ಓದುಗರಿಗಾಗಿ ಒಂದು ಮಾತು. ಅರ್ಲಿ ಡಿಸಿಷನ್ ಅಂದರೆ ಒಂದೇ ಒಂದು ಕಾಲೇಜಿಗೆ ನವೆಂಬರ್ 1ರ ಸುಮಾರಿಗೆ ಅರ್ಜಿ. ಡಿಸೆಂಬರ್ ಮಧ್ಯಕ್ಕೆ ಉತ್ತರ. ಸೀಟು ಕೊಟ್ಟರೆ ಸೇರಲೇಬೇಕು, ಬೇರೆ ಕಾಲೇಜುಗಳಿಗೆ ಮಾಮೂಲಿಯಾಗಿ ಹಾಕಿದ ಅರ್ಜಿಗಳನ್ನೆಲ್ಲ ವಾಪಸ್ ತೆಗೆದುಕೊಳ್ಳಬೇಕು. ಈ ಒಪ್ಪಂದಕ್ಕೆ ಮಗಳು, ಅಪ್ಪ ಅಥವಾ ಅಮ್ಮ, ಶಾಲೆಯ ಕೌನ್ಸೆಲರ್ ಮೂವರೂ ಸಹಿ ಹಾಕುತ್ತಾರೆ. ನಮ್ಮ ಸಿಇಟಿಯಲ್ಲಿ ‘ಈ ಸೀಟು ಒಪ್ಪಿಗೆ, ಸೇರುತ್ತೇನೆ’ ಅಂತ ಚಾಯ್ಸ್ 1 ಕೊಟ್ಟ ಹಾಗೆ. ಆದರೆ ಇಲ್ಲಿ ಸೀಟು ಹಂಚಿಕೆ ಆದ ಮೇಲೆ, ಕಾಲೇಜು, ಬ್ರಾಂಚು, ಫೀಸು ಎಲ್ಲ ನೋಡಿ ಚಾಯ್ಸ್ 1 ಒತ್ತುತ್ತೇವೆ. ಅಲ್ಲಿ ಏನೂ ಕೈಗೆ ಬರುವ ಮೊದಲೇ ಒತ್ತಬೇಕು.

ನಿಮ್ಮ ಮಟ್ಟಿಗೆ ದೊಡ್ಡ ವಿಷಯ ವೀಸಾ. ಎಚ್-4ನಲ್ಲಿ, ಅಂದರೆ ಎಚ್-1ಬಿಯವರ ಕುಟುಂಬಕ್ಕೆ ಕೊಡುವ ವೀಸಾದಲ್ಲಿರುವ ಮಗುವಿಗೆ ಅಮೆರಿಕ ಸರ್ಕಾರದ ವಿದ್ಯಾರ್ಥಿ ನೆರವು ಸಿಗುವುದಿಲ್ಲ. ಕಾರ್ನೆಗಿ ಮೆಲನ್ ಕೂಡ ಪದವಿ ಓದುವ ವಿದೇಶಿ ವಿದ್ಯಾರ್ಥಿಗಳಿಗೆ ಆರ್ಥಿಕ ನೆರವು ಕೊಡುವುದಿಲ್ಲ. ಅಂದರೆ ಪೂರ್ತಿ ಹಣ ನಿಮ್ಮ ಜೇಬಿನಿಂದಲೇ. ವರ್ಷಕ್ಕೆ 90,000 ಡಾಲರ್ ಸುತ್ತಮುತ್ತ, ನಾಲ್ಕು ವರ್ಷಕ್ಕೆ ಮೂರೂವರೆ ಲಕ್ಷ ದಾಟುತ್ತದೆ. ನೆರವು ಸಾಲದಿದ್ದರೆ ಒಪ್ಪಂದದಿಂದ ಹೊರಗೆ ಬರಬಹುದು ಅಂತ ಯಜಮಾನರು ಹೇಳಬಹುದು. ಆ ದಾರಿ ಇದೆ, ನಿಜ. ಆದರೆ ನೆರವೇ ಇಲ್ಲ ಅಂತ ಗೊತ್ತಿದ್ದೂ ಸಹಿ ಹಾಕಿ, ಆಮೇಲೆ ಅದನ್ನೇ ಕಾರಣ ಹೇಳುವುದು ಸರಿಯಲ್ಲ ಅಲ್ವಾ? ಜೊತೆಗೆ ಸಹಿ ಹಾಕಿದ ಕೌನ್ಸೆಲರ್ ಮಾತಿಗೂ ಬೆಲೆ ಹೋಗುತ್ತದೆ.

ಗ್ರೀನ್‌ಕಾರ್ಡ್ ಅಷ್ಟರೊಳಗೆ ಬರದಿದ್ದರೆ, 21 ತುಂಬಿದ ಮೇಲೆ ಮಗಳು ನಿಮ್ಮ ವೀಸಾದಡಿ ಇರುವಂತಿಲ್ಲ. ಓದಿನ ನಡುವೆಯೇ ಎಫ್-1 ವಿದ್ಯಾರ್ಥಿ ವೀಸಾಗೆ ಬದಲಾಗಬೇಕು. ಆ ಹೊತ್ತಿಗೆ ಮನೆಯಲ್ಲಿ ಸ್ವಲ್ಪ ಉಳಿತಾಯ ಇರಲಿ.

ಸೀಟು ಸುಲಭ ಅನ್ನುವುದು ಪೂರ್ತಿ ಸುಳ್ಳಲ್ಲ. ಹಲವು ಖಾಸಗಿ ಕಾಲೇಜುಗಳಲ್ಲಿ ಅರ್ಲಿ ಅರ್ಜಿದಾರರಲ್ಲಿ ಹೆಚ್ಚಿನ ಪಾಲಿಗೆ ಸೀಟು ಸಿಗುತ್ತದೆ. ಆದರೆ ಆ ಲೆಕ್ಕದಲ್ಲಿ ಕ್ರೀಡೆಗೆ ಮೊದಲೇ ಆರಿಸಿಕೊಂಡ ಮಕ್ಕಳೂ ಇರುತ್ತಾರೆ. ಅವರನ್ನು ಬಿಟ್ಟರೆ ನಿಮ್ಮ ಮಗಳಿಗೆ ಸಿಗುವ ಲಾಭ ಮೇಲ್ನೋಟಕ್ಕೆ ಕಾಣುವಷ್ಟು ದೊಡ್ಡದಲ್ಲ. ನಿಮ್ಮದೇ ರಾಜ್ಯದ ಪ್ರಿನ್ಸ್‌ಟನ್ ಈ ಪದ್ಧತಿ ಉಳ್ಳವರಿಗೆ ಅನುಕೂಲ ಅಂತ 2006ರಲ್ಲಿ ಅದನ್ನು ಕೈಬಿಡಲು ತೀರ್ಮಾನಿಸಿತು. 2011ರಲ್ಲಿ ಅರ್ಲಿ ಅರ್ಜಿಯನ್ನು ಮತ್ತೆ ತರಲು ಹೊರಟಾಗಲೂ ‘ಸೇರಲೇಬೇಕು’ ಅನ್ನುವ ಕಟ್ಟು ಹಾಕಲಿಲ್ಲ.

ಕೈಯಲ್ಲಿ ಹಣವಿದ್ದು, ಮಗು ಇದೇ ಕಾಲೇಜು ಬೇಕು ಅಂತ ಹಟ ಹಿಡಿದಿದ್ದರೆ ಧಾರಾಳವಾಗಿ ಹಾಕಿ ಅನ್ನುತ್ತಿದ್ದೆ. ಆದರೆ ಕಾರ್ನೆಗಿ ಮೆಲನ್‌ನಲ್ಲಿ ಏರೋಸ್ಪೇಸ್‌ಗೆ ಪ್ರತ್ಯೇಕ ವಿಭಾಗವೇ ಇಲ್ಲ, ಮೆಕ್ಯಾನಿಕಲ್ ಮೂಲಕ ಹೋಗಬೇಕು. ಪರ್ಡ್ಯೂ, ಜಾರ್ಜಿಯಾ ಟೆಕ್ ಎರಡರಲ್ಲೂ ಇದೆ. ಅಲ್ಲಿ ‘ಅರ್ಲಿ ಆ್ಯಕ್ಷನ್’ ಅರ್ಜಿ. ಬೇಗ ಹಾಕಬಹುದು, ಬೇಗ ಉತ್ತರವೂ ಬರುತ್ತದೆ, ಕಟ್ಟುಪಾಡಿಲ್ಲ. ಬಂದ ಸೀಟುಗಳನ್ನೆಲ್ಲ ಎದುರಿಗಿಟ್ಟುಕೊಂಡು ಮೇ 1ರವರೆಗೂ ಯೋಚಿಸಬಹುದು. ಪರ್ಡ್ಯೂನಲ್ಲಿ ಖರ್ಚು ಸುಮಾರು ಅರ್ಧ. ಮೊದಲ ವರ್ಷ ಎಲ್ಲರಿಗೂ ಸಾಮಾನ್ಯ ಎಂಜಿನಿಯರಿಂಗ್, ಆಮೇಲೆ ಬ್ರಾಂಚು.

ಇನ್ನೊಂದು ಮಾತು. ಬೇಸಿಗೆಯಲ್ಲಿ ಪರ್ಡ್ಯೂಗೆ ಹೋದಾಗ ಅಲ್ಲಿಯ ಹಳೆಯ ವಿದ್ಯಾರ್ಥಿ ನೀಲ್ ಆರ್ಮ್‌ಸ್ಟ್ರಾಂಗ್ ಪ್ರತಿಮೆಯ ಹತ್ತಿರ ಚಂದ್ರನ ಬೂಟಿನ ಅಚ್ಚುಗಳಿದ್ದವು, ಮಗಳು ಚಪ್ಪಲಿ ಬಿಟ್ಟು ಅದರಲ್ಲಿ ಕಾಲಿಟ್ಟಳು, ವಾಪಸ್ ಬರುವಾಗ ಕಾರಿನಲ್ಲಿ ಮಾತು ನಿಲ್ಲಿಸಲೇ ಇಲ್ಲ ಅಂತ ನೀವೇ ಬರೆದಿದ್ದೀರಿ. ಕಾರ್ನೆಗಿ ಮೆಲನ್ ಬಗ್ಗೆ ಅವಳು ಏನಂದಳು ಅಂತ ನಾಲ್ಕು ಪುಟದ ಪತ್ರದಲ್ಲಿ ಎಲ್ಲೂ ಇಲ್ಲ. ಈ ಭಾನುವಾರ ಯಜಮಾನರನ್ನೂ ಜೊತೆಗೆ ಕೂರಿಸಿಕೊಂಡು ಅವಳನ್ನೇ ಕೇಳಿ. ಅವಳು ಏನು ಹೇಳಿದಳು ಅಂತ ನನಗೂ ಬರೆಯಿರಿ.