ನೀರು ಹನ್ನೊಂದನೇ ಪುಟಕ್ಕೆ ಬಂತು

ನಮಸ್ಕಾರ.

ಬೀದರಿನಿಂದ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಆಸ್ಟ್ರೇಲಿಯಾದ ಡಾರ್ವಿನ್ ಬಂದರಿನಲ್ಲಿ ನೌಕಾಪಡೆಗಾಗಿ ಕೊರೆದ ಎಣ್ಣೆ ಸುರಂಗಗಳು, ಒಳ್ಳೆ ವಿಷಯ ಹಿಡಿದಿದ್ದೀರಿ. ಆದರೆ ಈಗಿರುವ ಹಾಗೆ ಹಾಕೋಕಾಗಲ್ಲ. ವಾಪಸ್ ಕಳಿಸಿ ಸುಮ್ನಿರೋಕೂ ಮನಸ್ಸಿಲ್ಲ, ಅದಕ್ಕೇ ಇಷ್ಟುದ್ದದ ಕಾಗದ.

ಮೊದಲ ಮೂರು ಪುಟ ತೆಗೆದುಬಿಡಿ. ಎರಡನೇ ಮಹಾಯುದ್ಧ ಯಾಕೆ ಶುರುವಾಯಿತು ಅಂತ ಓದುಗರು ಶಾಲೆಯಲ್ಲೇ ಉರು ಹೊಡೆದಿರುತ್ತಾರೆ. 1942ರ ಫೆಬ್ರವರಿ 19ರಂದು ಜಪಾನಿನ ವಿಮಾನಗಳು ಡಾರ್ವಿನ್ ಮೇಲೆ ಬಾಂಬು ಸುರಿದವು. ನೆಲದ ಮೇಲಿದ್ದ ಎಣ್ಣೆ ಟ್ಯಾಂಕುಗಳು ಮೇಲಿನಿಂದ ಎದ್ದು ಕಾಣುತ್ತಿದ್ದವು. ಅಲ್ಲಿಂದ ಶುರು ಮಾಡಿ. 'ಅದ್ಭುತ' ಅನ್ನೋ ಪದ ಹದಿನಾಲ್ಕು ಸಲ ಬಂದಿದೆ. ಎಣಿಸಿದೆ.

ಒಂದು ದೊಡ್ಡ ತಪ್ಪು. 'ಯುದ್ಧದುದ್ದಕ್ಕೂ ಹಡಗುಗಳು ಇಲ್ಲಿಂದಲೇ ಎಣ್ಣೆ ತುಂಬಿಸಿಕೊಂಡವು' ಎಂದಿದ್ದೀರಿ. ಇಲ್ಲ ರೀ. ಯುದ್ಧ ಮುಗಿಯುವವರೆಗೂ ಆ ಸುರಂಗಗಳು ಬಳಕೆಗೇ ಬರಲಿಲ್ಲ. ಕಡಲಂಚಿನ ದಿಬ್ಬ ಕೊರೆದರು, ಕಾಂಕ್ರೀಟ್ ಹಾಕಿದರು, ಒಳಗೆ ಉಕ್ಕಿನ ತಗಡು ಹೊದಿಸಿದರು. ಮಳೆಗಾಲ ಬಂತು. ನೀರು ಜಿನುಗಿ ಜಿನುಗಿ ತಗಡಿನ ಹಿಂದೆ ಸೇರಿತು, ತುಕ್ಕು ಹಿಡಿಯಿತು. ಬಾಂಬಿಗೆ ಹೆದರಿ ಒಳಗೆ ಹೋದರೆ ಅಲ್ಲಿ ಹನಿ ನೀರು ಕಾದಿತ್ತು. ಇದೇ ಅಲ್ವಾ ಕಥೆ? ನೀವು ಅದನ್ನು ಹನ್ನೊಂದನೇ ಪುಟದಲ್ಲಿ 'ಕೆಲವು ತಾಂತ್ರಿಕ ತೊಂದರೆಗಳೂ ಇದ್ದವು' ಎಂದು ಒಂದೇ ಸಾಲಲ್ಲಿ ಮುಗಿಸಿದ್ದೀರಿ!

5ನೇ ಸುರಂಗ 171 ಮೀಟರ್ ಉದ್ದ ಅಂತ ಬರೆದಿದ್ದೀರಿ, ಸರಿ. ಈಗ ಪ್ರವಾಸಿಗರು ಟಿಕೆಟ್ ತಗೊಂಡು ಅದರೊಳಗೆ ನಡೆಯುತ್ತಾರೆ. ಓದುಗರನ್ನೂ ನಡೆಸಿ.

ಡಾರ್ವಿನ್‌ಗೆ ಹೋಗೋಕೆ ನಮ್ಮಂಥವರ ಕೈಲಾಗಲ್ಲ, ಗೊತ್ತು. ಆದರೆ ನಿಮ್ಮೂರಲ್ಲೇ ನೌಬಾದಿನ ಸುರಂಗ ಬಾವಿ ಇದೆಯಲ್ಲ? ಬಹಮನಿ ಕಾಲದವರು ಅಲ್ಲಿ ಕೆಂಪುಕಲ್ಲು ಕೊರೆದದ್ದೇ ನೀರು ಜಿನುಗಿ ಬರಲಿ ಅಂತ. ಡಾರ್ವಿನ್‌ನವರಿಗೆ ಬೇಡವಾಗಿದ್ದೇ ಇವರಿಗೆ ಬೇಕಿತ್ತು. ಒಂದು ಮೇ ತಿಂಗಳಲ್ಲಿ ನಾನು ಕಲಬುರಗಿಯಿಂದ ಅದನ್ನು ನೋಡೋಕೆ ಬಂದಿದ್ದೆ. ಬೆನ್ನು ಬಿಸಿಲಿಗೆ ಸುಡುತ್ತಿತ್ತು, ಬಗ್ಗಿದರೆ ಮುಖಕ್ಕೆ ತಂಪು ಗಾಳಿ. ಇಳಿದು ಗೋಡೆಗೆ ಅಂಗೈ ಒತ್ತಿದೆ. ತೆಗೆದಾಗ ಒದ್ದೆ, ಕೆಂಪು. ಕಲ್ಲು ಹೇಗೆ ಬೆವರುತ್ತದೆ ಅಂತ ಆವತ್ತು ತಿಳಿಯಿತು. ನಿಮ್ಮ ಹನ್ನೊಂದು ಪುಟದಲ್ಲಿ ಇಂಥ ಒಂದು ಅಂಗೈ ಇಲ್ಲ.

ಐದು ಪುಟ ಸಾಕು. ದಸರಾ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ. ಬರೆಯೋಕೆ ಕೂರುವ ಮೊದಲು ನೌಬಾದಿಗೆ ಒಮ್ಮೆ ಹೋಗಿಬನ್ನಿ. ಚಪ್ಪಲಿ ಜಾರುತ್ತದೆ, ನೋಡ್ಕೊಳ್ಳಿ.